ಕಾರ್ಫ್ ಕೋಟೆಯನ್ನು ಕೆಡವಿದವರು ಯಾರು?

ಪ್ರಿಯ ಲೇಖಕರಿಗೆ ನಮಸ್ಕಾರ.

ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಕಾರ್ಫ್ ಕೋಟೆಯ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಕೈಬಿಡುವುದಕ್ಕೂ ಮನಸ್ಸಿಲ್ಲ. ಹಾಗಾಗಿ ಅನ್ನಿಸಿದ್ದನ್ನು ನೇರವಾಗಿ ಬರೆಯುತ್ತಿದ್ದೇನೆ.

‘ಕಾಲದ ಹೊಡೆತಕ್ಕೆ ಸಿಕ್ಕ ಕೋಟೆಯೊಂದು ಗತವೈಭವವನ್ನು ಸಾರುತ್ತಾ ನಿಂತಿದೆ’ ಎಂದು ಆರಂಭಿಸಿದ್ದೀರಿ. ಈ ವಾಕ್ಯವನ್ನು ಯಾವ ಊರಿನ ಯಾವ ಕೋಟೆಗೆ ಬೇಕಾದರೂ ಅಂಟಿಸಬಹುದು. ಕಾರ್ಫ್‌ನ ಮಟ್ಟಿಗಂತೂ ಅದು ನಿಜವೇ ಅಲ್ಲ. ಮಳೆಗಾಳಿಗೆ ಕುಸಿದ ಕೋಟೆಯಲ್ಲ ಅದು. ಮೊದಲನೆಯ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಅದು ದೊರೆಯ ಪಕ್ಷದ ನೆಲೆಯಾಗಿತ್ತು. ವಶಪಡಿಸಿಕೊಂಡ ಪಾರ್ಲಿಮೆಂಟು 1646ರಲ್ಲಿ ಅದನ್ನು ಕೆಡವಲು ನಿರ್ಣಯ ಮಾಡಿತು. ಗೋಡೆಗಳ ಬುಡ ಕೊರೆದು, ಮದ್ದು ತುಂಬಿ ಸಿಡಿಸಿದರು. ಆದರೂ ಪೂರ್ತಿ ಬೀಳಲಿಲ್ಲ. ಒಳಗಿನ ಹೆಬ್ಬಾಗಿಲಿನ ಒಂದು ಬುರುಜು ನಿಂತ ನಿಲುವಿನಲ್ಲೇ ಇಳಿಜಾರಿಗೆ ಜಾರಿ, ಜೊತೆಯ ಬುರುಜಿಗಿಂತ ತಗ್ಗಿನಲ್ಲಿ ಇಂದಿಗೂ ನಿಂತಿದೆ. ಬಿದ್ದ ಕಲ್ಲುಗಳನ್ನು ಬೆಟ್ಟದ ಬುಡದ ಊರಿನವರು ಒಯ್ದು ಮನೆ ಕಟ್ಟಿಕೊಂಡರು. ನೀವು ಆ ಬೀದಿಗಳಲ್ಲಿ ನಡೆದಾಡಿ ಬಂದವರು. ಬೂದುಬಣ್ಣದ ಪರ್ಬೆಕ್ ಸುಣ್ಣಕಲ್ಲಿನ ಆ ಮನೆಗಳ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ! ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರವಾದದ್ದು ಇಲ್ಲಿ.

ಎರಡನೆಯ ಪುಟದ ತಪ್ಪು ದೊಡ್ಡದು. ಬಾಲರಾಜ ಎಡ್ವರ್ಡನನ್ನು ಮಲತಾಯಿ ‘ಈ ಮಹಾಗೋಪುರದ ಬಾಗಿಲಲ್ಲೇ’ ಕೊಲ್ಲಿಸಿದಳು ಎಂದಿದ್ದೀರಿ. ಕೊಲೆ ನಡೆದದ್ದು 978ರಲ್ಲಿ. ಸುಮಾರು 21 ಮೀಟರ್ ಎತ್ತರದ ಆ ಗೋಪುರ ಮೊದಲನೆಯ ಹೆನ್ರಿಯ ಕಾಲದ್ದು, ನೂರಕ್ಕೂ ಹೆಚ್ಚು ವರ್ಷ ಈಚಿನದು. ಇಂಗ್ಲೆಂಡಿನ ಹಳೆಯ ವರ್ಷವಾರು ದಾಖಲೆ ‘ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್’ ಕೊಲೆಯಾದ ಜಾಗವನ್ನು ಹೇಳುತ್ತದೆ, ಕೊಂದವರ ಹೆಸರನ್ನು ಹೇಳುವುದಿಲ್ಲ. ಮಲತಾಯಿ ಎಲ್ಫ್‌ತ್ರಿತ್‌ಳ ಮೇಲಿನ ಆರೋಪ ಬೆಳೆದದ್ದು ಅನಂತರದ ಬರಹಗಳಲ್ಲಿ. ಅದನ್ನು ಬರೆಯಿರಿ, ಆದರೆ ಆರೋಪವೆಂದೇ ಬರೆಯಿರಿ.

‘ಇಂಗ್ಲೆಂಡಿನ ಓಬವ್ವ’ ಎಂಬ ಉಪಶೀರ್ಷಿಕೆಯನ್ನು ದಯವಿಟ್ಟು ತೆಗೆಯಿರಿ. ಓಬವ್ವ ಚಿತ್ರದುರ್ಗದ ಕಾವಲುಗಾರನ ಹೆಂಡತಿ. ಮೇರಿ ಬ್ಯಾಂಕ್ಸ್ ಕೋಟೆಯ ಒಡತಿ, 1635ರಲ್ಲಿ ಅದನ್ನು ಕೊಂಡ ನ್ಯಾಯಾಧೀಶ ಜಾನ್ ಬ್ಯಾಂಕ್ಸ್ ಅವರ ಪತ್ನಿ. ಒಬ್ಬರ ಹೆಸರನ್ನು ಇನ್ನೊಬ್ಬರಿಗೆ ತೊಡಿಸಿದರೆ ಇಬ್ಬರ ಮುಖವೂ ಕಾಣದಂತಾಗುತ್ತದೆ. 1643ರಲ್ಲಿ ಗಂಡ ದೊರೆಯ ಸೇವೆಯಲ್ಲಿ ದೂರವಿದ್ದಾಗ ಆಕೆ ಸಣ್ಣ ಪಡೆಯೊಂದನ್ನು ಇಟ್ಟುಕೊಂಡು ಪಾರ್ಲಿಮೆಂಟಿನ ಪಡೆಯ ಸುಮಾರು ಆರು ವಾರಗಳ ಮುತ್ತಿಗೆಯನ್ನು ತಡೆದರು. ಹೆಣ್ಣುಮಕ್ಕಳು, ಸೇವಕಿಯರ ಜೊತೆ ನಿಂತು ಗೋಡೆ ಹತ್ತುವವರ ಮೇಲೆ ಕಲ್ಲು, ಕೆಂಡ ಸುರಿದರೆಂಬ ವಿವರ ನಮಗೆ ದಕ್ಕಿರುವುದು ‘ಮರ್ಕ್ಯೂರಿಯಸ್ ರಸ್ಟಿಕಸ್’ ಎಂಬ ದೊರೆಯ ಪಕ್ಷದ ಸುದ್ದಿಪತ್ರದಿಂದ. ಅದನ್ನು ಓದುಗರಿಗೆ ಹೇಳಿಬಿಡಿ. ಅದರಿಂದ ಆಕೆಯ ಧೈರ್ಯವೇನೂ ಕಿರಿದಾಗುವುದಿಲ್ಲ.

ಕೋಟೆ ಪಾರ್ಲಿಮೆಂಟಿನ ಕೈಸೇರಿದ ಎರಡನೆಯ ಮುತ್ತಿಗೆಗೆ ನೀವು ಕೊಟ್ಟಿರುವುದು ಅರ್ಧ ವಾಕ್ಯ! ಕೋಟೆಯೊಳಗಿನ ಅಧಿಕಾರಿ ಪಿಟ್‌ಮನ್ ನೆರವಿನ ಪಡೆ ತರುತ್ತೇನೆಂದು ಹೊರಗೆ ಹೋಗಿ, ಶತ್ರು ಸೈನಿಕರನ್ನೇ ಒಳಗೆ ಕರೆತಂದ. ಗೋಡೆ ತಡೆದುಕೊಂಡದ್ದನ್ನು ಒಳಗಿನವನೊಬ್ಬ ಬಿಟ್ಟುಕೊಟ್ಟ. ಇಂಥ ಘಟನೆಯನ್ನು ಬದಿಗೆ ಸರಿಸಿ ಇಡೀ ಪುಟದಲ್ಲಿ ರಾಜರ ವಂಶಾವಳಿ ತುಂಬಿಸಿದ್ದೀರಿ. ಆ ಪುಟ ಪೂರ್ತಿ ಹೋಗಲಿ. ಜಾನ್ ದೊರೆ, ಕೋಟೆಯನ್ನು ಮಾರಿದ ಎಲಿಜಬೆತ್ ರಾಣಿ, ಇಬ್ಬರಿಗೂ ಒಂದೊಂದು ವಾಕ್ಯ ಸಾಕು.

ನಿಮ್ಮ ಭಾಷೆಯಲ್ಲಿ ಕಸುವಿದೆ. ಮಂಜು ಕವಿದ ಬೆಳಗ್ಗೆ ಬೆಟ್ಟ ಹತ್ತಿದ ಭಾಗದಲ್ಲಿ ವಿಶೇಷಣಗಳ ಹಂಗಿಲ್ಲದೆ ಬರೆದಿದ್ದೀರಿ, ಅದು ನನಗೆ ತುಂಬ ಹಿಡಿಸಿತು. ಉಳಿದದ್ದನ್ನೂ ಅದೇ ಹದದಲ್ಲಿ, 1646ರ ನಿರ್ಣಯದಿಂದ ಆರಂಭಿಸಿ, 1,200 ಪದಗಳಿಗೆ ಮೀರದಂತೆ ಮತ್ತೆ ಬರೆಯಿರಿ. ಸೂರ್ಯಾಸ್ತದ ಚಿತ್ರ ಬೇಡ. ಜಾರಿದ ಬುರುಜಿನ ಚಿತ್ರವಿದ್ದರೆ ಕಳುಹಿಸಿ, ಊರಿನ ಯಾವುದಾದರೂ ಹಳೆಯ ಮನೆಯ ಗೋಡೆಯದ್ದನ್ನೂ ಸೇರಿಸಿ.

ಇಂತಿ,
ಸಂಪಾದಕ