ಒಂದೇ ಬೆಟ್ಟ ಹಿಡಿಯಿರಿ, ಮೇಲೆ ಕೆಳಗೆ ಓಡಾಡಿ

ಪ್ರಶ್ನೆ: ನಾವು ಮೂರು ಜನ ಗೆಳೆಯರು. ರಜೆ ಸಿಕ್ಕಾಗ ಆಗುಂಬೆ, ಗುಡವಿ, ದಾಂಡೇಲಿ ಅಂತ ಹಕ್ಕಿ ನೋಡುತ್ತಾ ತಿರುಗುತ್ತೇವೆ. ಬರುವ ಜನವರಿಯಲ್ಲಿ ಒಂಬತ್ತು ದಿನ ಬಿಡುವಿದೆ. ಟೂರ್ ಕಂಪನಿಗಳ ರೇಟು ಕೇಳಿ ತಲೆ ತಿರುಗಿತು, ಹಾಗಾಗಿ ನಾವೇ ಹೋಗೋಣ ಅಂತ. ಥಾಯ್ಲೆಂಡಿನ ದೋಯ್ ಇಂತನೋನ್, ಮಲೇಷ್ಯಾದ ಫ್ರೇಸರ್ಸ್ ಹಿಲ್, ವಿಯೆಟ್ನಾಮಿನ ದಲಾತ್, ಮೂರನ್ನೂ ಒಂದೇ ಸಲಕ್ಕೆ ಮುಗಿಸಬಹುದಾ?
(ಓದುಗರೊಬ್ಬರು, ಸಾಗರ)

ಮುಗಿಸಬಹುದು. ಆದರೆ ಹಕ್ಕಿಗಿಂತ ಜಾಸ್ತಿ ವಿಮಾನ ನಿಲ್ದಾಣ ನೋಡಿಕೊಂಡು ಬರುತ್ತೀರಿ. ಮೂರು ದೇಶದ ಆಸೆ ಬಿಡಿ. ಜನವರಿ ಅಂದಮೇಲೆ ಉತ್ತರ ಥಾಯ್ಲೆಂಡೇ ಸರಿ. ಅಲ್ಲಿ ಆಗ ಮಳೆ ಇರುವುದಿಲ್ಲ, ಇಂಬಳದ ಕಾಟವೂ ಕಡಿಮೆ, ಮೇಲಾಗಿ ಉತ್ತರದಿಂದ ಚಳಿಗಾಲಕ್ಕೆ ಬಂದಿಳಿದ ಹಕ್ಕಿಗಳು ಅಲ್ಲಿನ ಕಾಯಂ ಹಕ್ಕಿಗಳ ಜೊತೆ ಸೇರಿಕೊಂಡಿರುತ್ತವೆ.

ಗುಡ್ಡಗಾಡಿನಲ್ಲಿ ಜಾಗ ಬದಲಿಸುವುದಕ್ಕಿಂತ ಎತ್ತರ ಬದಲಿಸುವುದರಲ್ಲೇ ಲಾಭ ಇದೆ. 300 ಮೀಟರ್ ಎತ್ತರದಲ್ಲಿ ಸಿಗುವ ಹಕ್ಕಿ 2,000 ಮೀಟರಿನಲ್ಲಿ ಸಿಗಲ್ಲ. ದೋಯ್ ಇಂತನೋನ್ 2,565 ಮೀಟರ್, ಥಾಯ್ಲೆಂಡಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ, ಮತ್ತೆ ಚೋಮ್ ತೋಂಗ್ ಊರಿನ ಹತ್ತಿರ ಶುರುವಾಗುವ 1009ನೇ ನಂಬರಿನ ರಸ್ತೆ ನೆತ್ತಿಯವರೆಗೂ ಟಾರು. ಹಕ್ಕಿ ನೋಡುವವರೆಲ್ಲ ಜಾಗ ಹೇಳುವುದು ಈ ರಸ್ತೆಯ ಕಿಲೋಮೀಟರ್ ಕಲ್ಲಿನ ಲೆಕ್ಕದಲ್ಲೇ. ನೀವೂ ಅದನ್ನೇ ಹಿಡಿದು ಪ್ಲಾನ್ ಮಾಡಿ.

13ನೇ ಕಿಲೋಮೀಟರಿನ ಆಸುಪಾಸು ಒಣ ಎಲೆಯುದುರುವ ಕಾಡು. ಮರಕುಟಿಗಗಳಿಗೆ ಒಳ್ಳೆ ಜಾಗ, ಅದೃಷ್ಟ ಇದ್ದರೆ ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡದಾದ ಡೇಗೆ, ಕಾಲರ್ಡ್ ಫಾಲ್ಕನೆಟ್, ಒಣ ಕೊಂಬೆಯ ತುದಿಯಲ್ಲಿ ಕೂತಿರುತ್ತದೆ. 20 ದಾಟಿದರೆ ವಚಿರತಾನ್ ಜಲಪಾತ. ಪ್ರವಾಸಿಗರು ಸೆಲ್ಫಿ ತೆಗೆಯುವ ಕಡೆ ನಿಲ್ಲಬೇಡಿ, ನೀರು ಹರಿದು ಹೋಗುವ ಬಂಡೆಗಳನ್ನು ನೋಡಿ, ಬಾಲ ಅಗಲಿಸಿ ಮುಚ್ಚುತ್ತಾ ಪ್ಲಂಬಿಯಸ್ ರೆಡ್‌ಸ್ಟಾರ್ಟ್ ಓಡಾಡುತ್ತಿರುತ್ತದೆ. 31ರಲ್ಲಿ ಪಾರ್ಕಿನ ಮುಖ್ಯ ಕಚೇರಿ. 37.5ರಲ್ಲಿ ಎರಡನೇ ಚೆಕ್‌ಪೋಸ್ಟ್, ಅದರ ಪಕ್ಕದಿಂದ ಕಾಡೊಳಗೆ ಹೋಗುವ ಹಳೇ ಜೀಪು ದಾರಿಯೇ ನನ್ನ ಪ್ರಕಾರ ಇಡೀ ಬೆಟ್ಟದ ತಿರುಳು. ಒಂದು ಬೆಳಗ್ಗೆ ಪೂರ್ತಿ ಅದಕ್ಕೇ ಇಡಿ. ಅರ್ಧ ಗಂಟೆ ಒಂದು ಎಲೆಯೂ ಅಲ್ಲಾಡುವುದಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ಹತ್ತು ಜಾತಿಯ ಹಕ್ಕಿಗಳ ಮಿಶ್ರ ಗುಂಪು ತಲೆ ಮೇಲೆ ಹಾದು ಹೋಗುತ್ತದೆ. ಆಗಲೇ ಪುಸ್ತಕ ತೆಗೆದರೆ ಕೆಟ್ಟಿರಿ. ಮೊದಲು ನೋಡಿ, ಹೆಸರು ಆಮೇಲೆ.

ನೆತ್ತಿಯಲ್ಲಿ ಆಂಗ್ ಕಾ ಅಂತ ಒಂದು ಪುಟ್ಟ ಜೌಗು ಕಾಡು ಇದೆ. ಮರದ ಹಲಗೆಯ ಕಾಲುದಾರಿ, ಕಾಂಡದ ತುಂಬಾ ದಪ್ಪ ಪಾಚಿ, ಅಂಚಿನಲ್ಲಿ ಕೆಂಪು ಹೂವಿನ ರೋಡೋಡೆಂಡ್ರಾನ್. ಆ ಹೂವಿನ ಮುಂದೆ ಸುಮ್ನೆ ನಿಂತರೆ ಹಸಿರು ಬಾಲದ ಸೂರಕ್ಕಿ ಬರುತ್ತದೆ. ಹಳದಿ ಹೊಟ್ಟೆ, ಎದೆಗೆ ಕೆಂಪು ಬಣ್ಣ ಚೆಲ್ಲಿದಂತೆ. ಇದರ ಸಂಬಂಧಿಗಳು ಹಿಮಾಲಯದಲ್ಲೂ ಇವೆ, ಆದರೆ ಈ ಉಪಜಾತಿ ಇರುವುದು ಈ ಬೆಟ್ಟದ ತುದಿಯಲ್ಲಿ ಮಾತ್ರ. ಬೆಳಕು ಹರಿಯುವ ಹೊತ್ತಿಗೇ ಅಲ್ಲಿರಿ, ಎಂಟರ ಮೇಲೆ ವ್ಯಾನುಗಳ ಜಾತ್ರೆ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದನ್ನು ನೋಡಲು ಬ್ಯಾಂಕಾಕಿನಿಂದೆಲ್ಲ ಜನ ಬರುತ್ತಾರೆ. ಅಂದರೆ ಎರಡು ಮಾತು: ವಾರಾಂತ್ಯ ಬೇಡ, ಮಲೆನಾಡಿನ ಸ್ವೆಟರ್ ಸಾಲದು.

ಇಲ್ಲಿ ನಾಲ್ಕು ರಾತ್ರಿ ಇರಿ. ಆಮೇಲೆ ಚಿಯಾಂಗ್ ಮಾಯ್ ನಗರದ ಉತ್ತರಕ್ಕಿರುವ ಚಿಯಾಂಗ್ ದಾವೋದಲ್ಲಿ ಮೂರು ರಾತ್ರಿ. ಅಲ್ಲಿನ ಪೈನ್ ಮರಗಳಲ್ಲಿ ಜೈಂಟ್ ನಟ್‌ಹ್ಯಾಚ್ ಇದೆ. ನಮ್ಮ ಕಾಡಿನಲ್ಲಿ ತಲೆಕೆಳಗಾಗಿ ಓಡುವ ನೀಲಿ ನಟ್‌ಹ್ಯಾಚ್‌ಗಿಂತ ತುಂಬಾ ದೊಡ್ಡದು, ಜಗತ್ತಿನ ನಟ್‌ಹ್ಯಾಚ್‌ಗಳಲ್ಲೇ ದೊಡ್ಡದು, ಅಳಿವಿನಂಚಿನಲ್ಲಿದೆ. ಆ ಕಾಡಿಗೆ ಹತ್ತುವ ದಾರಿ ಮಾತ್ರ ಕೆಟ್ಟದ್ದು. ಸ್ಥಳೀಯರ ಫೋರ್ ವೀಲ್ ಡ್ರೈವ್ ಪಿಕಪ್ಪನ್ನು ಚಾಲಕನ ಸಮೇತ ಹಿಡಿಯಿರಿ. ಅಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಉಳಿದ ಕಡೆ ಬಾಡಿಗೆ ಕಾರು ಸಾಕು, ಅಲ್ಲೂ ಎಡಕ್ಕೇ ಓಡಿಸುವುದು. ಹೊರಡುವ ಮುಂಚೆ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತದೆ. ಸ್ಕೂಟರ್ ತಗೋಳ್ಳೋದಾದ್ರೆ ಆ ಪರ್ಮಿಟ್ಟಿನಲ್ಲಿ ದ್ವಿಚಕ್ರದ ಮುದ್ರೆಯೂ ಇರಬೇಕು, ಇಲ್ಲದಿದ್ದರೆ ಬಿದ್ದಾಗ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ವೀಸಾ ನಿಯಮ ಆಗಾಗ ಬದಲಾಗುತ್ತಿರುತ್ತದೆ, ಟಿಕೆಟ್ ಬುಕ್ ಮಾಡುವ ದಿನವೇ ನೋಡಿ. 2025ರ ಮೇ 1ರಿಂದ ಆನ್‌ಲೈನಿನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬುವುದು ಕಡ್ಡಾಯ ಆಗಿದೆ. ಅದಕ್ಕೆ ಸರ್ಕಾರ ದುಡ್ಡು ತೆಗೆದುಕೊಳ್ಳುವುದಿಲ್ಲ, ಕೇಳುವ ವೆಬ್‌ಸೈಟ್ ನಕಲಿ. ಹಕ್ಕಿ ನೋಡಿದವರು ಪಟ್ಟಿ ಹಾಕುವ ಇ-ಬರ್ಡ್ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಜನವರಿ ಪಟ್ಟಿ ನೋಡಿಕೊಳ್ಳಿ, ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪಿನಲ್ಲಿ ಥಾಯ್ಲೆಂಡ್ ಪ್ಯಾಕನ್ನು ಮನೆಯಲ್ಲೇ ಇಳಿಸಿಕೊಳ್ಳಿ.

ಪ್ರಶ್ನೆ: ಅಮ್ಮನನ್ನೂ ಇಂಥ ಕಡೆ ಕರೆದುಕೊಂಡು ಹೋಗುವ ಆಸೆ. ಮೊಣಕಾಲು ನೋವಿದೆ, ಮೊಟ್ಟೆಯನ್ನೂ ಮುಟ್ಟಲ್ಲ.
(ಓದುಗಿಯೊಬ್ಬರು, ಮೈಸೂರು)

ಧಾರಾಳವಾಗಿ ಕರೆದುಕೊಂಡು ಹೋಗಿ. ಆಂಗ್ ಕಾ ಹಲಗೆ ದಾರಿ ಚಿಕ್ಕದು, ನಿಧಾನಕ್ಕೆ ನಡೆಯಬಹುದು. ಬೆಳಗಿನ ಹೊತ್ತು ಹಲಗೆ ಒದ್ದೆಯಾಗಿ ಜಾರುತ್ತದೆ, ಕೈ ಹಿಡಿದುಕೊಳ್ಳಿ. ಚಿಯಾಂಗ್ ದಾವೋದ ಥಾಮ್ ಫಾ ಪ್ಲೋಂಗ್ ದೇವಸ್ಥಾನದ ಮೆಟ್ಟಿಲು ಮಾತ್ರ ಬೇಡ, ಸುಮಾರು 500 ಇವೆ. ಅಮ್ಮ ಬುಡದಲ್ಲೇ ಕುರ್ಚಿ ಹಾಕಿಕೊಂಡು ಕೂರಲಿ, ಅಲ್ಲೂ ಹಕ್ಕಿಗೆ ಬರವಿಲ್ಲ. ಊಟದ್ದೇ ಸ್ವಲ್ಪ ಕಷ್ಟ. ಬರೀ ತರಕಾರಿ ಪಲ್ಯ ಅಂತ ಕೊಟ್ಟಿದ್ದಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ‘ಜೇ’ ಅಂತ ಹೇಳಿ (ಮೀನು, ಮಾಂಸ, ಮೊಟ್ಟೆ ಯಾವುದೂ ಇಲ್ಲದ ಊಟಕ್ಕೆ ಅಲ್ಲಿನ ಮಾತು), ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುವ ಅಂಗಡಿ ಹುಡುಕಿ. ಬೆಟ್ಟದ ಮೇಲೆ ಅದೂ ಸಿಗುವುದು ಕಷ್ಟ, ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿರಲಿ.

ಪ್ರಶ್ನೆ: ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದು ತಪ್ಪಾ? ಎಲ್ಲರೂ ಮಾಡ್ತಾರಲ್ವಾ?
(ಓದುಗರೊಬ್ಬರು, ಹುಬ್ಬಳ್ಳಿ)

ಮಾಡ್ತಾರೆ. ನೀವು ಮಾಡಬೇಡಿ. ಆ ಹಕ್ಕಿ ಹೊರಗೆ ಬರುವುದು ನಿಮ್ಮನ್ನು ನೋಡಲಿಕ್ಕಲ್ಲ, ಎದುರಾಳಿ ಬಂದ ಅಂತ ಜಗಳಕ್ಕೆ. ಜನ ಜಾಸ್ತಿ ಬರುವ ದಾರಿಯಲ್ಲಿ ಅದೇ ಹಕ್ಕಿಗೆ ದಿನವಿಡೀ ಇದೇ ಪಾಡು. ಗಡಿ ಕಡೆಯ ದೋಯ್ ಲಾಂಗ್‌ನಂಥ ಕಡೆ ಫೋಟೋದವರು ಹುಳ ಇಟ್ಟು ಹಕ್ಕಿ ಕರೆಯುತ್ತಾರೆ, ಅದೂ ನನಗೆ ಅಷ್ಟಕ್ಕಷ್ಟೆ. ಯಾರಾದರೂ ಮೊದಲೇ ಕೂತಿದ್ದರೆ ಹಿಂದೆ ಕೂತು ನೋಡಿ, ನೀವಾಗಿ ಹುಳ ಹೊತ್ತು ಹೋಗಬೇಡಿ.

ಪ್ರಶ್ನೆ: ನನಗೆ ರಜೆ ಸಿಗುವುದೇ ಮಾರ್ಚಿನಲ್ಲಿ. ಆಗ ಎಲ್ಲಿಗೆ?
(ಓದುಗರೊಬ್ಬರು, ಬೆಂಗಳೂರು)

ಫ್ರೇಸರ್ಸ್ ಹಿಲ್‌ಗೆ. ಮಾರ್ಚಿನಲ್ಲಿ ಉತ್ತರ ಥಾಯ್ಲೆಂಡಿನಲ್ಲಿ ಕಾಡು ಸುಡುವ ಹೊಗೆ, ಎದುರಿನ ಗುಡ್ಡವೇ ಕಾಣಲ್ಲ. ಕ್ವಾಲಾಲಂಪುರದಿಂದ ಫ್ರೇಸರ್ಸ್ ಹಿಲ್ ಸುಮಾರು 100 ಕಿಲೋಮೀಟರ್. ಕ್ವಾಲಾ ಕುಬು ಭಾರುವರೆಗೆ ಲೋಕಲ್ ರೈಲು, ಅಲ್ಲಿಂದ ಮೇಲಕ್ಕೆ ಟ್ಯಾಕ್ಸಿ. ವಾಪಸ್ ಬರುವ ದಿನ, ಗಂಟೆ ಎರಡನ್ನೂ ಆ ಚಾಲಕನ ಹತ್ತಿರವೇ ಮಾತಾಡಿ ಇಟ್ಟುಕೊಳ್ಳಿ, ಮೇಲೆ ಗಾಡಿ ಸಿಗುವುದಿಲ್ಲ.