ಉಣುಗು ಹುಡುಕಲು ಹೋದವರು ಕಾಡು ಬೆಳೆಸಿದ ಬಗೆ

ಪ್ರಶ್ನೆ: ನಾನು ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿರುವ ವಿದ್ಯಾರ್ಥಿನಿ. ಕೀನ್ಯಾದ ವಂಗಾರಿ ಮಾಥಾಯ್ ಅವರೂ ಮೊದಲು ವಿಜ್ಞಾನಿಯಾಗಿದ್ದರೆಂದು ಇತ್ತೀಚೆಗೆ ತಿಳಿಯಿತು. ಅಷ್ಟು ಕಷ್ಟಪಟ್ಟು ಗಳಿಸಿದ ವಿದ್ಯೆಯನ್ನು ಬಿಟ್ಟು ಅವರು ಗಿಡ ನೆಡುವುದಕ್ಕೂ ರಾಜಕೀಯಕ್ಕೂ ಹೋದದ್ದೇಕೆ?
- ಶಿರಸಿಯ ಓದುಗರೊಬ್ಬರು

ಉತ್ತರ: ಅವರು ವಿದ್ಯೆಯನ್ನು ಬಿಟ್ಟು ಹೋದರೆನ್ನುವುದನ್ನು ಒಪ್ಪಲು ನನಗೆ ಮನಸ್ಸಿಲ್ಲ. 1940ರಲ್ಲಿ ಕೀನ್ಯಾದ ನ್ಯೇರಿ ಪ್ರಾಂತದ ಇಹಿತೆ ಎಂಬ ಹಳ್ಳಿಯಲ್ಲಿ ಹುಟ್ಟಿದ ವಂಗಾರಿ, ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿ ಜೀವಶಾಸ್ತ್ರ ಓದಿದರು. 1966ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕೆಲಕಾಲ ಜರ್ಮನಿಯಲ್ಲಿಯೂ ಅಭ್ಯಾಸ ಮಾಡಿ, 1971ರಲ್ಲಿ ನೈರೋಬಿ ವಿಶ್ವವಿದ್ಯಾಲಯದಿಂದ ಪಶುವೈದ್ಯ ಅಂಗರಚನಾಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದರು. ಪೂರ್ವ ಮತ್ತು ಮಧ್ಯ ಆಫ್ರಿಕದಲ್ಲಿ ಈ ಪದವಿ ಪಡೆದ ಮೊದಲ ಮಹಿಳೆ ಅವರೇ. ಐದಾರು ವರ್ಷಗಳಲ್ಲಿ ಅದೇ ವಿಭಾಗದ ಮುಖ್ಯಸ್ಥರೂ ಆದರು.

ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಈ ಪದವಿಗಳಲ್ಲಿ ಅಲ್ಲ, ದನಗಳ ಕಿವಿಯಲ್ಲಿ. ಅಲ್ಲಿನ ದನಕರುಗಳನ್ನು ಕಾಡುವ ಈಸ್ಟ್ ಕೋಸ್ಟ್ ಜ್ವರ ಉಣುಗುಗಳಿಂದ ಹರಡುವಂಥದು. ಆ ರೋಗದ ಅಧ್ಯಯನಕ್ಕೆಂದು ವಂಗಾರಿ ನೈರೋಬಿಯ ಸುತ್ತಲ ಹಳ್ಳಿಗಳಿಗೆ ಹೋಗಿ ಹಸುಗಳ ಕಿವಿಯಿಂದ ಉಣುಗುಗಳನ್ನು ಆಯ್ದು ತರುತ್ತಿದ್ದರು. ಆಗ ಅವರ ಕಣ್ಣಿಗೆ ಬಿದ್ದವು ಪಕ್ಕೆಲುಬು ಎಣಿಸಬಹುದಾದಷ್ಟು ಬಡಕಲಾದ ಹಸುಗಳು, ಮೇವಿಲ್ಲದ ಬಯಲುಗಳು, ಮಳೆ ಬಂದಾಗ ಮಣ್ಣು ಹೊತ್ತು ಕೆಂಪಾಗಿ ಹರಿಯುವ ಹೊಳೆಗಳು. ದನಗಳಿಗೆ ಉಣುಗಿಗಿಂತ ದೊಡ್ಡ ಅಪಾಯ ಆ ನೆಲದ ಸ್ಥಿತಿಯಿಂದಲೇ ಇದೆ ಎಂಬುದು ಅವರಿಗೆ ಹೊಳೆದದ್ದು ಹಾಗೆ. ವಿಜ್ಞಾನಿಯೊಬ್ಬರು ಕಣ್ಣು ತೆರೆದು ನೋಡಿದ್ದರ ಫಲ ಇದು; ವಿಜ್ಞಾನಕ್ಕೆ ಬೆನ್ನು ತಿರುಗಿಸಿದ್ದಲ್ಲ.

ಇದರ ಹಿಂದೆ ಬಾಲ್ಯದ ನೆನಪೊಂದಿತ್ತು. ಅವರ ಮನೆಯ ಹತ್ತಿರ ಮುಗುಮೊ ಎಂಬ ದೊಡ್ಡ ಮರವಿತ್ತು; ಅದು ನಮ್ಮ ಅತ್ತಿ, ಆಲಗಳ ಕುಲದ್ದು. ಅದು ದೇವರ ಮರ, ಅದರ ಪುಳ್ಳೆಯನ್ನೂ ಸೌದೆಗೆ ತರಬಾರದು ಎಂದು ತಾಯಿ ಕಟ್ಟಪ್ಪಣೆ ಮಾಡಿದ್ದರು. (ನಮ್ಮ ನಾಗಬನಗಳಲ್ಲಿ ಕಡ್ಡಿ ಮುರಿಯಲು ಹೆದರುತ್ತಿದ್ದವರಿಗೆ ಈ ಮಾತು ಹೊಸದಲ್ಲ.) ಆ ಮರದ ಬಳಿ ಒಂದು ಒರತೆ ಹುಟ್ಟಿ ಹರಿಯುತ್ತಿತ್ತು. ಅದರ ನೀರಿನಲ್ಲಿದ್ದ ಕಪ್ಪೆಯ ಮೊಟ್ಟೆಗಳನ್ನು ಮಣಿಗಳೆಂದುಕೊಂಡು, ಸರ ಪೋಣಿಸುವ ಆಸೆಯಿಂದ ಪುಟ್ಟ ವಂಗಾರಿ ಕೈಹಾಕಿ ಎತ್ತಿದರೆ ಅವು ಬೆರಳ ಸಂದಿಯಲ್ಲಿ ಒಡೆದು ಹೋಗುತ್ತಿದ್ದವು. ಓದು ಮುಗಿಸಿ ಊರಿಗೆ ಬಂದಾಗ ಚಹಾ ಬೆಳೆಗೆ ಜಾಗ ಬೇಕೆಂದು ಆ ಮರವನ್ನು ಕಡಿಯಲಾಗಿತ್ತು, ಒರತೆಯೂ ಬತ್ತಿತ್ತು. ಆಳಕ್ಕಿಳಿದ ಬೇರುಗಳು ಇಳಿಜಾರಿನ ಮಣ್ಣನ್ನು ಹಿಡಿದಿಟ್ಟು ಅಂತರ್ಜಲಕ್ಕೆ ದಾರಿ ಮಾಡಿಕೊಡುತ್ತವೆಂಬುದನ್ನು ತಿಳಿದಿದ್ದ ಜೀವಶಾಸ್ತ್ರಜ್ಞೆಗೆ, ಮರಕ್ಕೂ ನೀರಿಗೂ ಇದ್ದ ನಂಟು ತನ್ನ ಹಿತ್ತಲಲ್ಲೇ ಕಾಣಿಸಿತು.

ಸೌದೆಯಿಲ್ಲ, ಕುಡಿಯುವ ನೀರಿಲ್ಲ ಎಂದು ಹಳ್ಳಿಯ ಹೆಂಗಸರು ರಾಷ್ಟ್ರೀಯ ಮಹಿಳಾ ಮಂಡಳಿಯಲ್ಲಿ ಹೇಳಿಕೊಂಡಾಗ ವಂಗಾರಿ ಕೊಟ್ಟ ಉತ್ತರ ಗಿಡ ನೆಡೋಣವೆಂಬುದು. 1977ರ ಜೂನ್ 5ರಂದು ನೈರೋಬಿಯಲ್ಲಿ 7 ಗಿಡ ನೆಟ್ಟು ಆರಂಭಿಸಿದ ಕೆಲಸವೇ ಗ್ರೀನ್ ಬೆಲ್ಟ್ ಚಳವಳಿ. ಗಿಡ ಬೆಳೆಸಲು ತರಬೇತಿ ಬೇಕೆಂದು ಅರಣ್ಯಾಧಿಕಾರಿಗಳು ಮೂಗು ಮುರಿದರೂ, ಜೋಳ, ಅವರೆ ಬಿತ್ತಿ ಬೆಳೆಯಬಲ್ಲ ಕೈಗಳಿಗೆ ಸಸಿ ಮಾಡುವುದು ಕಷ್ಟವಾಗಲಿಲ್ಲ. ಹೆಂಗಸರಿಗೆ ಸಣ್ಣ ಮೊತ್ತ ಸಂದಾಯವಾಗುತ್ತಿದ್ದುದು ನೆಟ್ಟ ಗಿಡಕ್ಕಲ್ಲ, ಬದುಕಿ ಉಳಿದ ಗಿಡಕ್ಕೆ. ಪ್ರತಿ ವರ್ಷ ಒಂದೇ ಗುಂಡಿಯಲ್ಲಿ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವವರು ಈ ಒಂದು ನಿಯಮವನ್ನು ಕಲಿತರೆ ಸಾಕೆಂದು ನನಗೆ ಅನ್ನಿಸುತ್ತದೆ.

ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದು ಅವರಲ್ಲ. 1982ರಲ್ಲಿ ಸಂಸತ್ತಿನ ಉಪಚುನಾವಣೆಗೆ ನಿಲ್ಲಲು ನಿಯಮದಂತೆ ಹುದ್ದೆಗೆ ರಾಜೀನಾಮೆ ಕೊಟ್ಟರು. ಮತದಾರರ ನೋಂದಣಿಯ ತಾಂತ್ರಿಕ ಕಾರಣವೊಡ್ಡಿ ಅವರನ್ನು ಕಣದಿಂದ ಹೊರಗಿಟ್ಟರು. ಹುದ್ದೆಗೆ ಮರಳಲು ಹೋದಾಗ ಅದೂ ಇಲ್ಲವೆಂದರು, ವಾಸದ ಮನೆಯನ್ನೂ ಬಿಡಿಸಿದರು. ಮೂವರು ಮಕ್ಕಳ ತಾಯಿ, ವಿಚ್ಛೇದಿತೆ, ನಲವತ್ತು ದಾಟಿದ ವಯಸ್ಸು. ಈ ಅನ್ಯಾಯವನ್ನು ಬಿಟ್ಟು ಅವರ ರಾಜಕೀಯದ ಕಥೆ ಹೇಳುವುದು ಸರಿಯಲ್ಲ.

ಪ್ರಶ್ನೆ: ಅವರು ಸರ್ಕಾರದಲ್ಲಿಯೂ ಇದ್ದರಲ್ಲವೇ? ಅಧಿಕಾರದಿಂದ ಏನು ಮಾಡಲು ಸಾಧ್ಯವಾಯಿತು?
- ಮೈಸೂರಿನ ಓದುಗರೊಬ್ಬರು

ಉತ್ತರ: 2002ರ ಡಿಸೆಂಬರ್‌ನಲ್ಲಿ ಟೇಟು ಕ್ಷೇತ್ರದಿಂದ ಶೇಕಡ 98ರಷ್ಟು ಮತ ಪಡೆದು ಗೆದ್ದ ಅವರು, 2003ರ ಜನವರಿಯಿಂದ 2005ರವರೆಗೆ ಪರಿಸರ ಖಾತೆಯ ಸಹಾಯಕ ಸಚಿವೆಯಾಗಿದ್ದರು. ಸಂಪುಟದಲ್ಲಿ ಕೂರುವ ಅಧಿಕಾರ ಆ ಹುದ್ದೆಗಿರಲಿಲ್ಲ. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು; ಅದನ್ನು ಪಡೆದ ಮೊದಲ ಆಫ್ರಿಕನ್ ಮಹಿಳೆ ಅವರು. ಹಾಗಿದ್ದೂ 2007ರ ಚುನಾವಣೆಯಲ್ಲಿ ಸೋತರು. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸಗಳೆಲ್ಲ ಅಧಿಕಾರಕ್ಕೆ ಬರುವ ಮೊದಲೇ ನಡೆದವು. 1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ 60 ಅಂತಸ್ತಿನ ಕಟ್ಟಡ ಎಬ್ಬಿಸಲು ಹೊರಟ ಆಳುವ ಪಕ್ಷಕ್ಕೆ ಎದುರಾಗಿ ಅವರು ಪತ್ರದ ಮೇಲೆ ಪತ್ರ ಬರೆದರು. ಸಂಸತ್ತಿನಲ್ಲಿಯೇ ಅವರನ್ನು ಹೀಯಾಳಿಸಿದರೂ ಕೊನೆಗೆ ಯೋಜನೆ ಬಿದ್ದುಹೋಯಿತು.

ಕರೂರ ಅರಣ್ಯದ ಪ್ರಸಂಗ ಇನ್ನೂ ಕಠಿಣವಾದುದು. ನೈರೋಬಿಯ ಅಂಚಿನಲ್ಲಿರುವ ಆ ಕಾಡಿನ ಭೂಮಿಯನ್ನು ಖಾಸಗಿಯವರಿಗೆ ಹಂಚಲಾಗಿತ್ತು. 1999ರ ಜನವರಿಯಲ್ಲಿ ಅಲ್ಲಿ ಗಿಡ ನೆಡಲು ಹೋದಾಗ ಕಾವಲಿಗಿದ್ದವರು ಹಲ್ಲೆ ಮಾಡಿ ವಂಗಾರಿಯವರ ತಲೆ ಒಡೆದರು. ಅವರು ನೇರ ಪೊಲೀಸ್ ಠಾಣೆಗೆ ಹೋಗಿ, ತಲೆಯಿಂದ ಸುರಿಯುತ್ತಿದ್ದ ರಕ್ತದಲ್ಲಿ ಬೆರಳದ್ದಿ ದೂರಿಗೆ ಸಹಿ ಮಾಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಸಾರ್ವಜನಿಕ ಭೂಮಿಯ ಹಂಚಿಕೆಯನ್ನು ನಿಷೇಧಿಸುವುದಾಗಿ ಅಧ್ಯಕ್ಷರು ಘೋಷಿಸಬೇಕಾಯಿತು. ವಂಗಾರಿ 2011ರ ಸೆಪ್ಟೆಂಬರ್ 25ರಂದು ತೀರಿಕೊಂಡರು. ಕರೂರ ಈಗಲೂ ಕಾಡಾಗಿಯೇ ಇದೆ. ನೈರೋಬಿಯ ಜನ ಬೆಳಗಿನ ಹೊತ್ತು ಅಲ್ಲಿ ನಡೆದಾಡುತ್ತಾರೆ.