ಗಾಡಿ ಮಾತು: ವೇಷ ಕಟ್ಟಿ, ಮೈ ಕೊಯ್ಯಬೇಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ತುಮಕೂರು, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಆಸೆಪಟ್ಟು 1982ರ ಪೋರ್ಶೆ 911 ಎಸ್‌ಸಿ ಸ್ಪೋರ್ಟ್ಸ್ ಕಾರು ಕೊಂಡುಕೊಂಡೆ. ತುಕ್ಕಿಲ್ಲ, ಎಂಜಿನ್ ಚೆನ್ನಾಗಿದೆ, ಬಿಳಿ ಬಣ್ಣ ಕಂಪನಿಯದ್ದೇ. ಆದರೆ ನನ್ನ ಮನಸ್ಸಿನಲ್ಲಿರುವ 911 ಅಂದರೆ 1973ರ ತನಕ ಬಂದದ್ದು. ತೆಳ್ಳನೆ ಬಂಪರ್, ಕ್ರೋಮ್ ಅಂಚು, ಹಗುರವಾದ ಮುಖ. ನನ್ನ ಗಾಡಿಯ ಬಂಪರಿನ ಮಡಿಕೆ ಮಡಿಕೆ ರಬ್ಬರ್ ನೋಡಿದಾಗಲೆಲ್ಲ ಹಾರ್ಮೋನಿಯಂ ನೆನಪಾಗುತ್ತದೆ. ಇಲ್ಲಿ ಒಬ್ಬ ಬಾಡಿ ಶಾಪ್‌ನವರು "ಮುಂದಿನ ಪ್ಯಾನೆಲ್ ಕತ್ತರಿಸಿ ಹಳೇ ಮಾದರಿಯ ಉದ್ದ ಬಾನೆಟ್ ಕೂರಿಸೋಣ, ಯಾರಿಗೂ ಗೊತ್ತಾಗಲ್ಲ" ಅಂತಾರೆ. ನನ್ನ ಹೆಂಡತಿ "ಚೆನ್ನಾಗಿರೋದನ್ನ ಯಾಕೆ ಕೊಯ್ಸ್ತೀರಿ, ನಾಳೆ ಮಾರಬೇಕಾದರೆ ಏನು ಮಾಡ್ತೀರಿ" ಅಂತಾಳೆ. ಕತ್ತರಿಸದೆ ಹಳೇ ಮುಖ ಬರಿಸೋಕೆ ಆಗುತ್ತಾ? ಬೇಡ ಅನ್ನಿಸಿದ ದಿನ ಮೊದಲಿನ ಹಾಗೇ ಮಾಡೋಕೆ ಬರಬೇಕು.

ಉತ್ತರ: ಆಗುತ್ತೆ. ನೂರಕ್ಕೆ ನೂರು ಅಲ್ಲ, ಆದರೆ ದೂರದಿಂದ ನೋಡಿದವರು ನಂಬುವಷ್ಟು ಖಂಡಿತ ಆಗುತ್ತೆ. ಮನೆಯವರು ಹೇಳಿದ್ದೇ ಸರಿ ಅನ್ನೋದನ್ನೂ ಮೊದಲೇ ಬರೆದುಬಿಡುತ್ತೇನೆ.

ಆ ಹಾರ್ಮೋನಿಯಂ ಬಂದದ್ದು ಹೇಗೆ ಅಂತ ಗೊತ್ತಿದ್ದರೆ ಅದನ್ನು ಬಿಚ್ಚುವುದು ಸುಲಭ. ಕಾರು ಗಂಟೆಗೆ 5 ಮೈಲಿ, ಅಂದರೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಗುದ್ದಿದರೂ ದೀಪ, ಬಾನೆಟ್ ಎಲ್ಲ ಸರಿಯಾಗಿ ಕೆಲಸ ಮಾಡುತ್ತಿರಬೇಕು ಅಂತ ಅಮೆರಿಕ ಸರ್ಕಾರ ನಿಯಮ ತಂದಿತು. ಅದಕ್ಕೆ ಪೋರ್ಶೆಯವರು 1974ರ ಮಾದರಿಯಿಂದ ಬಂಪರನ್ನು ಮೈಯಿಂದ ಹೊರಕ್ಕೆ ತಂದು ಹಿಂದೆ ಸರಿಯುವ ಹಾಗೆ ಕೂರಿಸಿದರು. ಅಮೆರಿಕಕ್ಕೆ ಹೋದ ಗಾಡಿಗಳಲ್ಲಿ ಅದರ ಹಿಂದೆ ಎರಡು ಹೈಡ್ರಾಲಿಕ್ ಶಾಕ್ ಅಬ್ಸಾರ್ಬರ್ ಇರುತ್ತವೆ. ಬಂಪರ್ ಒಳಕ್ಕೆ ಹೋದಾಗ ಮಡಚಿಕೊಳ್ಳಲಿ ಅಂತ ಪಕ್ಕದಲ್ಲಿ ಆ ರಬ್ಬರ್. ಬಂಪರ್ ಮೇಲಕ್ಕೆ ಬಂದದ್ದರಿಂದ ಬಾನೆಟ್ಟನ್ನು ಗಿಡ್ಡ ಮಾಡಬೇಕಾಯಿತು. 1973ರ ತನಕದ್ದು ಉದ್ದ ಬಾನೆಟ್, ಆಮೇಲಿನದ್ದು ಗಿಡ್ಡ ಬಾನೆಟ್, ಜನ ಈಗಲೂ ಹಾಗೇ ಕರೆಯುತ್ತಾರೆ. ನಿಮ್ಮ ಎಸ್‌ಸಿ 1978ರಿಂದ 1983ರ ತನಕ ಬಂದದ್ದು, ಗಿಡ್ಡ ಬಾನೆಟ್ಟಿನದು.

ಅಂದರೆ ನಿಮಗೆ ಬೇಡವಾದ ಭಾಗದಲ್ಲಿ ಹೆಚ್ಚಿನದ್ದು ಬೋಲ್ಟಿನಲ್ಲೇ ನಿಂತಿದೆ. ಸ್ಪಾನರ್ ಹಿಡಿದು ಒಂದು ಶನಿವಾರ ಕೂತರೆ ಎರಡೂ ಬಂಪರ್ ಕೆಳಗೆ ಬರುತ್ತವೆ. ಗಲಾಟೆ ಇರುವುದು ಬಾನೆಟ್ಟಿನಲ್ಲಿ. ಉದ್ದ ಬಾನೆಟ್ ಕೂರಬೇಕಾದರೆ ಮೂಗಿನ ಹತ್ತಿರ ಲಾಕ್ ಇರುವ ಪ್ಯಾನೆಲ್ ಬೇರೆ ಆಕಾರದ್ದಿರಬೇಕು, ನಿಮ್ಮ ಗಾಡಿಯಲ್ಲಿ ಅದು ಮೈಗೆ ವೆಲ್ಡ್ ಆಗಿದೆ. ನಿಮ್ಮ ಬಾಡಿ ಶಾಪ್‌ನವರು ಕತ್ತರಿಸೋಣ ಅಂದದ್ದು ಇದನ್ನೇ. ಬೇಡ ಅನ್ನಿ. ಪೋರ್ಶೆಯವರು 1976ರ ಮಾದರಿಯಿಂದ 911ರ ಮೈಯನ್ನು ಎರಡೂ ಕಡೆ ಸತು ಲೇಪಿಸಿದ ಉಕ್ಕಿನಿಂದ ಮಾಡುತ್ತಿದ್ದರು, ನಲವತ್ತು ವರ್ಷ ದಾಟಿದರೂ ನಿಮ್ಮದು ತುಕ್ಕಿಲ್ಲದೆ ಇರುವುದಕ್ಕೆ ಅದೂ ಒಂದು ಕಾರಣ. ನೀವು ಆಸೆಪಡುವ 1973ರ ಗಾಡಿಗೆ ಆ ಭಾಗ್ಯ ಇರಲಿಲ್ಲ, ಅವು ತುಕ್ಕು ಹಿಡಿದು ಮಾಲೀಕರನ್ನು ಅಳಿಸಿದ್ದು ಅಷ್ಟಿಷ್ಟಲ್ಲ. ಗ್ರೈಂಡರ್ ಇಟ್ಟು ವೆಲ್ಡ್ ಮಾಡಿದ ಜಾಗದಲ್ಲಿ ಆ ಸತು ಸುಟ್ಟುಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ಅದು ಇಂಥದ್ದಕ್ಕೇ.

ಹಾಗಾದರೆ ದಾರಿ ಯಾವುದು? ನಿಮ್ಮ ಗಿಡ್ಡ ಬಾನೆಟ್ ಹಾಗೇ ಇರಲಿ. ಅದಕ್ಕೆ ಹೊಂದುವ ಹಾಗೆ, ಹಳೇ ಆಕಾರದಲ್ಲೇ ಆದರೆ ಮೇಲಂಚು ಸ್ವಲ್ಪ ಎತ್ತರಕ್ಕೆ ಬಂದು ಬಾನೆಟ್ಟನ್ನು ಮುಟ್ಟುವಂಥ ಫೈಬರ್‌ಗ್ಲಾಸ್ ಬಂಪರ್ ಸಿಗುತ್ತವೆ. ಕಂಪನಿಯ ಶಾಕ್ ಅಬ್ಸಾರ್ಬರ್ ಬಿಚ್ಚಿದ ಜಾಗಕ್ಕೇ ಬ್ರಾಕೆಟ್ ಹಾಕಿ ಕೂರಿಸುವಂಥದ್ದನ್ನೇ ಕೇಳಿ. ಹೊಸ ತೂತು ಕೊರೆಯಬೇಕು ಅಂದರೆ ಆ ಕಿಟ್ ಬೇಡ. ಬಲ್ಲವರು ಬಾನೆಟ್ ಮುಗಿಯುವ ಗೆರೆ ನೋಡಿ "ಓ, ಇದು ಗಿಡ್ಡ ಬಾನೆಟ್ಟಿನದು" ಅಂತ ಕಂಡುಹಿಡಿಯುತ್ತಾರೆ. ಹಿಡಿಯಲಿ ಬಿಡಿ.

ಹಿಂದುಗಡೆ ಕೆಲಸ ಇನ್ನೂ ಹಗುರ. ಎರಡು ದೀಪಗಳ ನಡುವೆ ಇರುವ ಕೆಂಪು ರಿಫ್ಲೆಕ್ಟರ್ ಪಟ್ಟಿ ಬಿಚ್ಚಬಹುದು, ಆದರೆ ಉಳಿದ ತೂತುಗಳಿಗೆ ಪುಟ್ಟಿ ತುಂಬಬೇಡಿ, ರಬ್ಬರ್ ಬಿರಡೆ ಸಾಕು. ಬಾತುಕೋಳಿ ಬಾಲದ ಹಾಗೆ ಎದ್ದಿರುವ ಸ್ಪಾಯ್ಲರ್ ಬೇಕಾದರೆ, 911ರಲ್ಲಿ ಎಂಜಿನ್ ಹಿಂದಿರುವುದರಿಂದ ಅದು ಹಿಂದಿನ ಎಂಜಿನ್ ಮುಚ್ಚಳದ ಜೊತೆಗೇ ಬರುತ್ತದೆ. ನಿಮ್ಮ ಮುಚ್ಚಳ ಬಿಚ್ಚಿಟ್ಟು ಅದನ್ನು ಹಾಕಿದರೆ ಆಯಿತು. ಕಿಟಕಿಯ ಕಪ್ಪು ಅಂಚು, ಬಾಗಿಲ ಹಿಡಿ, ದೀಪದ ರಿಂಗು ಎಲ್ಲಕ್ಕೂ ಕ್ರೋಮ್ ಸಿಗುತ್ತದೆ. ಆ ಕಾಲದ ಫುಕ್ಸ್ ಅಲಾಯ್ ಚಕ್ರ ಇಲ್ಲದಿದ್ದರೆ ಅದನ್ನೂ ಹಾಕಬಹುದು, ಬೋಲ್ಟಿನ ಅಳತೆ ಒಂದೇ. ಇಂಡಿಕೇಟರಿನ ವೈರ್ ವಿಷಯದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಲೋಹ ಕತ್ತರಿಸಲು ಹೆದರುವವರು ವೈರನ್ನು ಇಕ್ಕಳದಲ್ಲಿ ಕಚಕ್ ಅನ್ನಿಸಿಬಿಡುತ್ತಾರೆ. ಕಂಪನಿಯ ಕನೆಕ್ಟರ್‌ಗೆ ಹೊಂದುವ ಜೋಡಿ ತಂದು ನಡುವೆ ಚಿಕ್ಕ ವೈರಿಂಗ್ ಮಾಡಿಸಿ.

ಎತ್ತರವನ್ನೂ ನೋಡಿ. ಬಂಪರ್ ಇಷ್ಟೇ ಎತ್ತರದಲ್ಲಿರಬೇಕು ಅಂತಿದ್ದದ್ದರಿಂದ ಅಮೆರಿಕಕ್ಕೆ ಬಂದ 911ಗಳು ಸ್ವಲ್ಪ ಎದ್ದೇ ನಿಂತಿರುತ್ತವೆ. ನಿಮ್ಮದರಲ್ಲಿ ಸುರುಳಿ ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಸರಳು, ಅಂದರೆ ಟಾರ್ಷನ್ ಬಾರ್ ಇರುವುದರಿಂದ ಏನೂ ಬದಲಿಸದೆ, ಹೊಂದಿಸಿಯೇ ಇಳಿಸಬಹುದು. ಆಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಅರ್ಧ ಹಳೇ ನೋಟ ಇದರಲ್ಲೇ ಬಂದುಬಿಡುತ್ತದೆ, ನನ್ನ ಕೇಳಿದರೆ ಮೊದಲು ಇದೊಂದನ್ನು ಮಾಡಿ ಎರಡು ತಿಂಗಳು ಓಡಿಸಿ ನೋಡಿ, ಉಳಿದದ್ದು ಬೇಡ ಅನ್ನಿಸಿದರೂ ಅನ್ನಿಸೀತು.

ಒಂದು ಮಾತ್ರ ಬದಲಾಗುವುದಿಲ್ಲ, ಸೊಂಟ. ಎಸ್‌ಸಿಯ ಹಿಂದಿನ ಮಡ್‌ಗಾರ್ಡ್ 1973ರ ಸಾಮಾನ್ಯ 911ರದ್ದಕ್ಕಿಂತ ಅಗಲ, ಮೈಗೆ ವೆಲ್ಡ್ ಆದದ್ದು. ಹಾಗಾಗಿ ತದ್ರೂಪ ಮಾಡಲು ಹೋಗಬೇಡಿ. ಆಗಿನ ರೇಸ್ ಗಾಡಿಗಳು ಅಗಲ ಸೊಂಟದವೇ, ಆ ಧಾಟಿಯಲ್ಲಿ ಮಾಡಿಸಿದರೆ ಹೊಂದಿಕೊಳ್ಳುತ್ತದೆ. 1972ರ ಗಾಡಿಯಲ್ಲಿ ಬಲಗಡೆ ಬಾಗಿಲ ಹಿಂದೆ ಎಂಜಿನ್ ಆಯಿಲ್ ಹಾಕಲು ಒಂದು ಮುಚ್ಚಳ ಇತ್ತು, ಪೆಟ್ರೋಲ್ ಬಂಕಿನ ಹುಡುಗರು ಅದಕ್ಕೇ ಪೆಟ್ರೋಲ್ ಸುರಿಯಲು ಶುರುಮಾಡಿದ್ದರಿಂದ ಮಾರನೇ ವರ್ಷ ತೆಗೆದುಬಿಟ್ಟರು. ಅದೂ ಬೇಕು ಅಂತ ಮೈಯಲ್ಲಿ ಕಿಂಡಿ ಕೊರೆಸುವವರಿದ್ದಾರೆ! ನೀವು ಆ ಪೈಕಿ ಅಲ್ಲ ಅಂದುಕೊಂಡಿದ್ದೇನೆ.

ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಕಿತ್ತಳೆ, ಗಿಳಿಹಸಿರು ಅಂತ ಆ ಕಾಲದ ಬಣ್ಣಗಳ ಮೋಹ ಹತ್ತುತ್ತದೆ. ಬೇಡ. ನಿಮ್ಮದು ಕಂಪನಿಯ ಬಿಳಿ, ಹೊಸ ಬಂಪರ್ ಮತ್ತು ಮುಚ್ಚಳಕ್ಕೆ ಮಾತ್ರ ಅದೇ ಬಿಳಿ ಹೊಡೆಸಿ, ಮೈಗೆ ಒಂದು ಹನಿ ಬಣ್ಣವೂ ಬೀಳದಿರಲಿ. ಹೊಸ ಪೇಂಟ್ ಎಷ್ಟು ಚೆನ್ನಾಗಿದ್ದರೂ ಹಳೇ ಪೇಂಟ್ ಮತ್ತೆ ಬರುವುದಿಲ್ಲ.

ಫಿಟಿಂಗ್ ಬಗ್ಗೆ ನನ್ನದೇ ಕಥೆ. ಗೆಳೆಯನ 1979ರ ಗಾಡಿಗೆ ಹೀಗೇ ಒಂದು ಫೈಬರ್ ಬಂಪರ್ ತರಿಸಿ, ಬಂದ ದಿನವೇ ಪೇಂಟ್ ಮಾಡಿಸಿಬಿಟ್ಟೆವು. ಆಮೇಲೆ ಕೂರಿಸಲು ಹೋದರೆ ಎಡಗಡೆ ಕಿರುಬೆರಳು ತೂರುವಷ್ಟು ಸಂದು, ಬಲಗಡೆ ಬಾನೆಟ್ಟಿಗೆ ಉಜ್ಜುತ್ತಿದೆ. ಉಜ್ಜಿ, ಕಟ್ಟಿ, ಮತ್ತೆ ಪೇಂಟ್ ಮಾಡಿಸಿದ ಖರ್ಚು ಬಂಪರಿನ ಬೆಲೆ ದಾಟಿತು, ಮೂಗಿಗಿಂತ ಮೂಗುತಿ ಭಾರ. ಬಣ್ಣ ಹೊಡೆಸುವ ಮೊದಲು ಕೂರಿಸಿ, ಬಾನೆಟ್ ತೆರೆದು ಮುಚ್ಚಿ ನೋಡಿ, ಒಂದು ವಾರ ಓಡಿಸಿ. ಬಲ ಮುಂದಿನ ಮಡ್‌ಗಾರ್ಡ್ ಒಳಗೆ ಆಯಿಲ್ ಕೂಲರ್ ಇದೆ, ಹೊಸ ಬಂಪರಿನಿಂದ ಅದಕ್ಕೆ ಗಾಳಿ ಹೋಗುತ್ತಿದೆಯೋ ಇಲ್ಲವೋ ಅಂತ ಆ ವಾರದಲ್ಲೇ ಆಯಿಲ್ ಬಿಸಿಯ ಮೀಟರ್ ನೋಡಿದರೆ ಗೊತ್ತಾಗುತ್ತದೆ.

ಫೈಬರ್ ಬಂಪರಿಗೆ ಆ 8 ಕಿಲೋಮೀಟರಿನ ಗುದ್ದು ತಡೆಯುವ ಶಕ್ತಿ ಇಲ್ಲ, ಪಾರ್ಕಿಂಗಿನಲ್ಲಿ ಯಾರೋ ಮೆಲ್ಲಗೆ ಮುಟ್ಟಿಸಿದರೂ ಬಿರುಕು. ವಿಮೆಯವರಿಗೆ ಮೊದಲೇ ಬರೆದು ತಿಳಿಸಿ. ಇನ್ನು ನಿಮ್ಮ ರಾಜ್ಯದಲ್ಲಿ ಹೊಗೆ ತಪಾಸಣೆಯಿಂದ ವಿನಾಯಿತಿ ಇರುವುದು 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗಳಿಗೆ. ಮುಖ 1973ರದ್ದಾದರೂ ನಿಮ್ಮ ಗಾಡಿ ಕಾಗದದಲ್ಲಿ 1982ರದ್ದೇ, ಎರಡು ವರ್ಷಕ್ಕೊಮ್ಮೆ ಹೋಗಲೇಬೇಕು. ಮುಖ ಬದಲಿಸುವ ಹುಮ್ಮಸ್ಸಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಕೈ ಹಾಕಬೇಡಿ.

ಬಿಚ್ಚಿದ್ದನ್ನು ಇಡುವುದು ಕೊನೆಗೆ ಹೇಳಿದರೂ ಅದೇ ದೊಡ್ಡದು. ಯಕ್ಷಗಾನದವರು ವೇಷ ಕಟ್ಟುವ ಚೌಕಿ ನೋಡಿದ್ದೀರಲ್ವಾ, ಕಿರೀಟ ಬಿಚ್ಚಿದವರು ಮೂಲೆಗೆಸೆಯುವುದಿಲ್ಲ, ಪೆಟ್ಟಿಗೆ ಸೇರುತ್ತದೆ. ಬಂಪರ್ ಎರಡು, ಶಾಕ್ ಅಬ್ಸಾರ್ಬರ್ ನಾಲ್ಕು, ಹಾರ್ಮೋನಿಯಂ ರಬ್ಬರ್, ರಿಫ್ಲೆಕ್ಟರ್, ಮುಚ್ಚಳ, ಕಪ್ಪು ಅಂಚುಗಳು. ಬೋಲ್ಟುಗಳನ್ನು ಜಿಪ್ ಕವರಿನಲ್ಲಿ ಹಾಕಿ ಎಲ್ಲಿಯದು ಅಂತ ಬರೆದಿಡಿ. ಬಿಚ್ಚುವಾಗ ಫೋಟೋ ತೆಗೆಯಿರಿ. ಗ್ಯಾರೇಜಿನಲ್ಲಿ ಅರ್ಧ ಗೋಡೆ ಇದಕ್ಕೇ ಹೋಗುತ್ತದೆ, ಮನೆಯವರ ಹತ್ತಿರ ಇದನ್ನೂ ಮೊದಲೇ ಹೇಳಿಬಿಡಿ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ನೀವು ಹಳೇ ಕಾರಿಗೆ ಅದಕ್ಕಿಂತ ಹಳೇ ಕಾರಿನ ವೇಷ ಹಾಕುವುದರ ಬಗ್ಗೆ ಒಂದು ಸಾಲು ಬರೆದಿದ್ದಿರಿ. ಇದು ಮೋಸ ಅಲ್ವಾ? (ಧಾರವಾಡ)

ಉತ್ತರ: ಮಾರುವಾಗ ಬಾಯಿ ಮುಚ್ಚಿಕೊಂಡರೆ ಮೋಸ. 1973ರ ಮಾದರಿಯ ವಿಶೇಷ 911 ಆದ ಕರೇರಾ ಆರ್‌ಎಸ್ 2.7 ತಯಾರಾದದ್ದು 1,580 ಮಾತ್ರ. ಅದರ ಹೆಸರನ್ನು ಬಾಗಿಲ ಕೆಳಗೆ ಅಂಟಿಸಿಕೊಂಡ ಗಾಡಿಗಳು ಎಷ್ಟಿವೆಯೋ ದೇವರೇ ಬಲ್ಲ. ಷಾಸಿ ನಂಬರ್ ಮಾತ್ರ ಸುಳ್ಳು ಹೇಳುವುದಿಲ್ಲ, ಕೊಳ್ಳುವವರು ಮೊದಲು ಅದನ್ನು ನೋಡಲಿ. ಇಷ್ಟಕ್ಕೂ ತನ್ನ ಗಾಡಿ ತನಗೆ ಚೆನ್ನಾಗಿ ಕಾಣಲಿ ಅಂತ ಮಾಡಿಕೊಂಡವನನ್ನು ನಾನು ಬೈಯಲಾರೆ.

ಪ್ರಶ್ನೆ: ನಾವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇವೆ. ನಮ್ಮ ಯಜಮಾನರಿಗೆ 1977ರ ಎಂಜಿಬಿ ಸ್ಪೋರ್ಟ್ಸ್ ಕಾರು ಸಿಕ್ಕಿದೆ, ಕಪ್ಪು ರಬ್ಬರ್ ಬಂಪರಿನದು. ಕ್ರೋಮ್ ಬಂಪರ್ ಹಾಕಿಸುತ್ತೇನೆ, ಬೇಡವಾದರೆ ವಾಪಸ್ ಹಾಕಬಹುದು ಅಂತಿದ್ದಾರೆ. ನಿಜವಾ?

ಉತ್ತರ: ಅರ್ಧ ನಿಜ ಅಮ್ಮಾ. ಎಂಜಿಬಿ ಬಂದದ್ದು 1962ರಲ್ಲಿ, ಕ್ರೋಮ್ ಬಂಪರಿನಲ್ಲಿ. ಅದೇ ಅಮೆರಿಕದ ನಿಯಮಕ್ಕಾಗಿ 1974ರ ಕೊನೆಗೆ ರಬ್ಬರ್ ಬಂಪರ್ ಬಂತು, ಗಾಡಿಯ ಎತ್ತರವನ್ನೂ ಹೆಚ್ಚಿಸಿದರು, ತಿರುವಿನಲ್ಲಿ ವಾಲುವುದು ಜಾಸ್ತಿಯಾಯಿತು. ಈ ಗಾಡಿಯಲ್ಲಿ ಮುಂದಿನ ಮಡ್‌ಗಾರ್ಡ್ ಬೋಲ್ಟಿನದು. ಹಾಗಾಗಿ ಹಳೇ ಮಾದರಿಯ ಮಡ್‌ಗಾರ್ಡ್, ಗ್ರಿಲ್, ಕೆಳಗಿನ ಪ್ಯಾನೆಲ್, ಬಂಪರ್ ಎಲ್ಲ ಹಾಕಿ ಬೇಕಾದಾಗ ವಾಪಸ್ ಬರಬಹುದು. ಹಿಂದುಗಡೆ ಹಾಗಲ್ಲ, ಮೂಲೆಗಳಲ್ಲಿ ಲೋಹ ಕತ್ತರಿಸಿ ವೆಲ್ಡ್ ಮಾಡಿ ತುಂಬಬೇಕು, ಅಲ್ಲಿಗೆ ವಾಪಸ್ ಬರುವ ಮಾತು ಮುಗಿಯಿತು. ಮೊದಲು ಎತ್ತರ ಇಳಿಸಲಿ, ಓಡಿಸಲು ಸುಖ. ಬಂಪರ್ ಆಮೇಲೆ.

ಪ್ರಶ್ನೆ: ಅಪ್ಪನ 1985ರ ಪ್ರೀಮಿಯರ್ ಪದ್ಮಿನಿ ಇದೆ. ಸ್ಪೋರ್ಟ್ಸ್ ಕಾರ್ ಅಲ್ಲ, ನಗಬೇಡಿ. ಇದಕ್ಕೆ ಹಳೇ ಫಿಯಟ್ 1100 ಗ್ರಿಲ್, ಕ್ರೋಮ್ ಹಾಕಿಸಬೇಕು ಅಂತಿದೆ. ಆರ್‌ಟಿಒ ತಕರಾರು ಮಾಡ್ತಾರಾ? (ಬಸವನಗುಡಿ, ಬೆಂಗಳೂರು)

ಉತ್ತರ: ನಗುವುದೇನು ಬಂತು, ನಾನು ಡ್ರೈವಿಂಗ್ ಕಲಿತದ್ದೇ ಪದ್ಮಿನಿಯಲ್ಲಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ, ತಯಾರಕರು ಕೊಟ್ಟ ವಿವರ ಆರ್‌ಸಿಯಲ್ಲಿ ಏನಿದೆಯೋ ಅದಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಹೇಳಿದೆ. ಮೈಯ ಆಕಾರ, ಎಂಜಿನ್ ತಂಟೆಗೆ ಹೋಗಬೇಡಿ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಲೇಬೇಕು. ಗ್ರಿಲ್ ಹಾಕಿಸುವ ಮೊದಲೂ ಒಮ್ಮೆ ಆರ್‌ಟಿಒ ಕಚೇರಿಯಲ್ಲಿ ಕೇಳಿಬಿಡಿ.

ಇನ್ನೊಂದು ವಿಷಯ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ನಿಮ್ಮ ಅಪ್ಪನ ಗಾಡಿಗೆ ಆ ಯೋಗ 2035ಕ್ಕೆ. ಆಗ ಪದ್ಮಿನಿಯ ಗ್ರಿಲ್ಲೇ ಬೇಕಾಗುತ್ತದೆ, ಅದಕ್ಕೇ ಈಗ ಬಿಚ್ಚಿದ್ದನ್ನು ಗುಜರಿಯವನಿಗೆ ಕೊಡದೆ ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ.